ಹಳೇ ಸದ್ದಿನ ಪೆಡಲ್‌ಬೋರ್ಡ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

60–70ರ ದಶಕದ ಗಿಟಾರ್ ಸದ್ದು ಬೇಕು, ಆದರೆ ಆ ಕಾಲದ ಅಸಲಿ ಪೆಡಲ್ (ಕಾಲಿನಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಡಬ್ಬಿ) ಕೊಳ್ಳೋಕೆ ಆಗಲ್ಲ, ಹಾಗಾಗಿ ಈಗಿನ ಪೆಡಲ್‌ಗಳನ್ನೇ ಸೇರಿಸಿ ಬೋರ್ಡ್ ಕಟ್ಟಿಕೊಂಡಿದ್ದೀರಾ? ಇದು ನಿಮಗಾಗಿಯೇ ಬರೆದದ್ದು. ನನ್ನ ಬೋರ್ಡ್ ಕೂಡ ಅಂಥದ್ದೇ. ಮೊದಲು ಪಾದದಲ್ಲಿ ತುಳಿದು ಸದ್ದನ್ನು ಏರಿಳಿಸುವ ವಾವಾ, ಆಮೇಲೆ 1966ರಲ್ಲಿ ಬಂದ ಫಜ್ ಫೇಸ್ ಮಾದರಿಯ, ಸದ್ದನ್ನು ಒರಟು ಮಾಡುವ ಜರ್ಮೇನಿಯಂ ಫಜ್ (ಜರ್ಮೇನಿಯಂ ಅಂದರೆ ಅದರ ಟ್ರಾನ್ಸಿಸ್ಟರ್ ಮಾಡಿದ ವಸ್ತು), ಟ್ಯೂಬ್ ಸ್ಕ್ರೀಮರ್ ಜಾತಿಯ, ಅದಕ್ಕಿಂತ ಮೆತ್ತಗೆ ಒರಟು ಮಾಡುವ ಒಂದು ಓವರ್‌ಡ್ರೈವ್, ಸದ್ದು ಅಲೆಯಲೆಯಾಗಿ ಸುತ್ತುವ ಹಾಗೆ ಮಾಡುವ ಒಂದು ಫೇಸರ್, ಟೇಪ್ ಎಕೋ (ಟೇಪಿನಿಂದ ಪ್ರತಿಧ್ವನಿ ಮಾಡುವ ಹಳೇ ಯಂತ್ರ) ಥರ ಕೇಳಿಸುವ ಡಿಜಿಟಲ್ ಡಿಲೇ, ಕೊನೆಗೆ ದೊಡ್ಡ ಕೋಣೆಯ ಗುಂಗು ಸೇರಿಸುವ ರಿವರ್ಬ್. ಆರು ಪೆಡಲ್, ಬಡಗಿ ಹತ್ತಿರ ಮಾಡಿಸಿದ ಪ್ಲೈವುಡ್ ಹಲಗೆ, ಅದರ ಅಡಿಯಲ್ಲಿ ಒಂದು ಪವರ್ ಸಪ್ಲೈ.

ಇಂಥ ಬೋರ್ಡಿನಲ್ಲಿ ತೊಂದರೆ ಬಂದರೆ ಎಲ್ಲರೂ ಮೊದಲು ಪೆಡಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಪೆಡಲ್ ಕೆಟ್ಟಿರುವುದಿಲ್ಲ. ಹಳೇ ಸರ್ಕ್ಯೂಟ್ ಒಂದು ಬ್ಯಾಟರಿ ನಂಬಿಕೊಂಡು, ನೇರವಾಗಿ ಗಿಟಾರಿಗೆ ಸಿಕ್ಕಿಕೊಂಡು ಕೆಲಸ ಮಾಡಲಿ ಅಂತ ಮಾಡಿದ್ದು. ಅದನ್ನು ತಂದು ಅಡಾಪ್ಟರ್, ವೈರ್‌ಲೆಸ್, ಟ್ಯೂನರ್, ಡಿಜಿಟಲ್ ಪೆಡಲ್ ಇವುಗಳ ನಡುವೆ ಕೂರಿಸಿದ್ದೇವೆ. ಹಳೆಯದೂ ಹೊಸದೂ ಸೇರುವ ಜಾಗದಲ್ಲೇ, ಅಂದರೆ ಕರೆಂಟ್, ಕೇಬಲ್, ಜೋಡಣೆಯ ಸರದಿ, ಅರ್ಥಿಂಗ್ ಇವುಗಳಲ್ಲೇ ಮುಕ್ಕಾಲು ಪಾಲು ತೊಂದರೆ ಇರುತ್ತದೆ. ಸ್ಕ್ರೂಡ್ರೈವರ್ ಕೈಗೆ ತಗೊಳ್ಳೋದು ಕೊನೆಯ ಕೆಲಸ.

ಶುರು ಮಾಡೋ ಮೊದಲು ಒಂದು ಎಚ್ಚರಿಕೆ. ಗಿಟಾರ್ ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಕಿಸಿದಾಗ, ಅಥವಾ ಪೆಡಲ್‌ನ ಲೋಹದ ಡಬ್ಬಿ ಮುಟ್ಟಿದಾಗ ಜುಮ್ ಅಂದರೆ ಈ ಬರಹದ ಉಳಿದದ್ದು ಆಮೇಲೆ ಓದಿ. ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಸದ್ದೇ ಬರ್ತಿಲ್ಲ

ಗಿಟಾರ್‌ನಿಂದ ಆಂಪ್‌ಗೆ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಒಂದೇ ಕೇಬಲ್ ಹಾಕಿ, ನಡುವೆ ಏನೂ ಬೇಡ. ಸದ್ದು ಬಂತಾ? ಹಾಗಾದರೆ ಗಿಟಾರ್, ಆಂಪ್, ಆ ಕೇಬಲ್ ಮೂರೂ ಚೆನ್ನಾಗಿವೆ. ಬರಲಿಲ್ಲ ಅಂದರೆ ಬೋರ್ಡ್ ಮುಟ್ಟೋದೇ ಬೇಡ, ಕೇಬಲ್ ಬದಲಿಸಿ ನೋಡಿ.

ಆಮೇಲೆ ಬೋರ್ಡನ್ನು ಅರ್ಧಕ್ಕೆ ಕತ್ತರಿಸಿ. ಆರು ಪೆಡಲ್ ಇದ್ದರೆ ಮೂರನೆಯದರ ಔಟ್‌ಪುಟ್‌ನಿಂದ ನೇರ ಆಂಪ್‌ಗೆ ಹೋಗಿ. ಸದ್ದು ಬಂದರೆ ತೊಂದರೆ ಉಳಿದ ಅರ್ಧದಲ್ಲಿದೆ, ಬರದಿದ್ದರೆ ಈ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಎಂಟು ಪೆಡಲ್ ಇದ್ದರೂ ಮೂರೇ ಸಲದಲ್ಲಿ ಒಂದರ ಹತ್ತಿರ ಬಂದು ನಿಲ್ಲುತ್ತೀರಿ. ಸುಮ್ನೆ ಒಂದೊಂದೇ ಎಳೆದು ಹಾಕುತ್ತಾ ಕೂತರೆ ಸಂಜೆ ಹೋಗುತ್ತದೆ, ಜೊತೆಗೆ ಯಾವುದನ್ನು ನೋಡಿದ್ದಾಯ್ತು ಅನ್ನೋದೂ ಮರೆತುಹೋಗುತ್ತದೆ.

ತಪ್ಪಿತಸ್ಥ ಸಿಕ್ಕಿದ ಮೇಲೆ ಮೊದಲು ಅದರ ಪಕ್ಕದ ಪ್ಯಾಚ್ ಕೇಬಲ್, ಅಂದರೆ ಪೆಡಲ್‌ನಿಂದ ಪೆಡಲ್‌ಗೆ ಹೋಗುವ ಗಿಡ್ಡ ಕೇಬಲ್, ಬದಲಿಸಿ. ಬೋರ್ಡಿನಲ್ಲಿ ಅತಿ ಬೇಗ ಸಾಯುವ ವಸ್ತು ಅದು. ಅದರಲ್ಲೂ ಬೆಸುಗೆ ಇಲ್ಲದೆ ತಿರುಪಿನಲ್ಲಿ ಬಿಗಿಯುವ ಪ್ಯಾಚ್ ಕೇಬಲ್‌ಗಳು ನೋಡೋಕೆ ಅಚ್ಚುಕಟ್ಟು, ಆದರೆ ಬೋರ್ಡನ್ನು ನಾಲ್ಕು ಸಲ ಆಟೋದಲ್ಲಿ ಹಾಕಿಕೊಂಡು ಓಡಾಡಿದರೆ ಸಡಿಲ ಆಗುತ್ತವೆ. ಮಲ್ಟಿಮೀಟರ್ ಇದ್ದರೆ ಬೀಪ್ ಬರುವ ಕಡೆ ಇಟ್ಟು ನೋಡಿ. ಒಂದು ತುದಿಯ ಪಿನ್ನಿನ ಮೂತಿಯಿಂದ ಇನ್ನೊಂದು ತುದಿಯ ಮೂತಿಗೆ ಬೀಪ್ ಬರಬೇಕು, ಮೈಯಿಂದ ಮೈಗೂ ಬರಬೇಕು, ಮೂತಿಯಿಂದ ಮೈಗೆ ಮಾತ್ರ ಬರಬಾರದು. ಬೀಪ್ ಬರ್ತಾ ಇರುವಾಗಲೇ ಕೇಬಲ್ಲನ್ನು ಅಲ್ಲಾಡಿಸಿ. ಬೀಪ್ ತುಂಡು ತುಂಡಾದರೆ ಆ ಕೇಬಲ್ ಬಿಸಾಕಿ. ಇನ್ನೊಂದು ದಿನಕ್ಕೆ ಇರಲಿ ಅಂತ ಚೀಲದಲ್ಲಿ ಇಟ್ಟುಕೊಂಡರೆ ಕಾರ್ಯಕ್ರಮದ ದಿನವೇ ಅದು ಕೈಗೆ ಬರುತ್ತದೆ.

ಕೇಬಲ್ ಚೆನ್ನಾಗಿದ್ದರೆ ಪೆಡಲ್ ಕಡೆ ಬನ್ನಿ. ಲೈಟೇ ಹತ್ತುತ್ತಿಲ್ಲ ಅಂದರೆ ಇನ್‌ಪುಟ್‌ನಲ್ಲಿ ಪಿನ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಬ್ಯಾಟರಿ ಹಾಕುವ ಹಳೇ ಮಾದರಿಯ ಎಷ್ಟೋ ಪೆಡಲ್‌ಗಳು ಇನ್‌ಪುಟ್ ಜಾಕಿಗೆ ಪಿನ್ ಹೋದಾಗ ಮಾತ್ರ ಆನ್ ಆಗುತ್ತವೆ. ರಾತ್ರಿ ಪಿನ್ ತೆಗೆಯದೆ ಬಿಟ್ಟರೆ ಬೆಳಿಗ್ಗೆ ಬ್ಯಾಟರಿ ಖಾಲಿ ಆಗೋದೂ ಇದರಿಂದಲೇ. ಲೈಟ್ ಹತ್ತುತ್ತದೆ ಆದರೆ ಒತ್ತಿದಾಗ ಸದ್ದು ಇಲ್ಲ, ಬೈಪಾಸ್‌ನಲ್ಲಿ, ಅಂದರೆ ಪೆಡಲ್ ಆಫ್ ಇದ್ದಾಗ, ಚೆನ್ನಾಗಿದೆ ಅಂದರೆ ತೊಂದರೆ ಪೆಡಲ್‌ನ ಒಳಗಿದೆ. ಎರಡರಲ್ಲೂ ಇಲ್ಲ, ಸ್ವಿಚ್ಚನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಬರುತ್ತದೆ ಅಂದರೆ ಕಾಲಿನ ಸ್ವಿಚ್ ಸವೆದಿದೆ. ಇದು ಅಗ್ಗದ ರಿಪೇರಿ. ಸ್ವಿಚ್ ಸಿಗುತ್ತದೆ, ಬೆಸುಗೆ ಹಾಕೋಕೆ ಬರುವ ಯಾರಾದರೂ ಬದಲಿಸಿಕೊಡುತ್ತಾರೆ.

ಗುಂಯ್ ಅಂತ ಒಂದೇ ಸಮ ಹಮ್ ಬರ್ತಿದೆ

ಅತಿ ಹೆಚ್ಚು ಜನ ಒದ್ದಾಡುವುದು ಇದರಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಕಿವಿಯಲ್ಲೇ ಒಂದು ಪರೀಕ್ಷೆ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಜ್. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಸ್ವರ 98 ಹರ್ಟ್ಜ್. ಹಮ್ ಹೆಚ್ಚುಕಡಿಮೆ ಅದೇ ಸ್ವರದಲ್ಲಿ, ಸ್ವಲ್ಪ ಒರಟಾಗಿ ಇದ್ದರೆ ಅದು 100 ಹರ್ಟ್ಜ್. ಅಡಾಪ್ಟರ್ ಒಳಗೆ ಎಸಿಯನ್ನು ಡಿಸಿ ಮಾಡುವಾಗ ಪೂರ್ತಿ ಸೋಸದೆ ಉಳಿಯುವ ಅಲೆ ಇದೇ ಸ್ವರದಲ್ಲಿ ಇರುತ್ತದೆ, ಹಾಗಾಗಿ ಮೊದಲು ಪವರ್ ಸಪ್ಲೈ ಮೇಲೆ ಅನುಮಾನ ಪಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಮೆತ್ತಗೆ ಗುಂಯ್ ಅಂದರೆ 50 ಹರ್ಟ್ಜ್. ಅದು ಪಿಕಪ್ (ತಂತಿಯ ಕಂಪನವನ್ನು ಕರೆಂಟಾಗಿ ಮಾಡುವ ಗಿಟಾರಿನ ಭಾಗ) ಅಥವಾ ವಾವಾ ಹೀರಿಕೊಂಡದ್ದು, ಇಲ್ಲವೇ ಅರ್ಥ್ ಎರಡು ದಾರಿಯಲ್ಲಿ ಸುತ್ತಿಕೊಂಡದ್ದು. ಯಾವಾಗಲೂ ಇಷ್ಟು ಸ್ವಚ್ಛವಾಗಿ ಬೇರೆ ಬೇರೆ ಕೇಳಿಸಲ್ಲ, ಎರಡೂ ಬೆರೆತಿರಬಹುದು. ಆದರೂ ಹುಡುಕಾಟ ಯಾವ ಕಡೆ ಅಂತ ಒಂದು ಸುಳಿವು ಸಿಗುತ್ತದೆ.

ಈಗ ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಹಮ್ ಹೋಯಿತಾ? ಹಾಗಾದರೆ ಅದು ಗಿಟಾರಿನಿಂದಲೇ ಬರುತ್ತಿತ್ತು. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇದ್ದರೆ ಇದು ರೋಗ ಅಲ್ಲ, ಅದರ ಗುಣ. ನಿಂತ ಜಾಗದಲ್ಲೇ ಗಿಟಾರ್ ಹಿಡಿದು ನಿಧಾನವಾಗಿ ತಿರುಗಿ, ಒಂದು ದಿಕ್ಕಿನಲ್ಲಿ ಹಮ್ ಕಡಿಮೆ ಆಗುತ್ತದೆ. ಮೇಲೆ ಫಜ್ ಹಾಕಿದರೆ ಆ ಹಮ್ಮನ್ನೂ ಅದು ನೂರು ಪಟ್ಟು ದೊಡ್ಡದು ಮಾಡುತ್ತದೆ ಅಲ್ವಾ, ಹಾಗಾಗಿ ಫಜ್ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿಲ್ಲ.

ತಂತಿ ಮುಟ್ಟಿದಾಗ ಹಮ್ ಕಡಿಮೆ ಆದರೆ ಅದೂ ಸಹಜ. ಮುಟ್ಟಿದಾಗ ಜಾಸ್ತಿ ಆದರೆ ಗಿಟಾರಿನ ಒಳಗೆ ಗ್ರೌಂಡ್ ವೈರು ಬಿಟ್ಟಿರಬಹುದು, ಜಾಕಿನಲ್ಲಿ ಎರಡು ವೈರು ಅದಲು ಬದಲಾಗಿರಬಹುದು, ಅಥವಾ ಮನೆಯ ಅರ್ಥಿಂಗ್ ಸರಿ ಇಲ್ಲದಿರಬಹುದು. ಅದೇ ಗಿಟಾರನ್ನು ಬೇರೆ ಮನೆಯಲ್ಲಿ ಹಾಕಿ ನೋಡಿ, ಯಾವುದು ಅಂತ ತಿಳಿಯುತ್ತದೆ.

ವಾಲ್ಯೂಮ್ ಸೊನ್ನೆ ಮಾಡಿದರೂ ಹಮ್ ಇದ್ದರೆ ಕೋಣೆ ನೋಡಿ. ಫ್ಯಾನಿನ ರೆಗ್ಯುಲೇಟರ್ ನುಣ್ಣಗೆ ತಿರುಗುವ ಡಿಮ್ಮರ್ ಥರದ್ದಾ? ಫ್ಯಾನ್ ಆಫ್ ಮಾಡಿ. ಅಗ್ಗದ ಎಲ್‌ಇಡಿ ಬಲ್ಬ್ ಆಫ್ ಮಾಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಇವೆಲ್ಲಾ ಪುಕ್ಕಟೆ ಪರೀಕ್ಷೆ, ಎರಡು ನಿಮಿಷದ ಕೆಲಸ. ಕರೆಂಟ್ ಹೋದಾಗ ಮಾತ್ರ ಬರ್ರ್ ಅನ್ನುವ ಒರಟು ಸದ್ದು ಬಂದರೆ ನಿಮ್ಮ ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಇರಬಹುದು. ಅದರ ಕರೆಂಟು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಆ ಅಂಚುಗಳೇ ಸದ್ದಾಗಿ ಕೇಳಿಸೋದು. ಸೈನ್ ವೇವ್ ಯುಪಿಎಸ್‌ನಲ್ಲಿ ಇದು ಎಷ್ಟೋ ಕಡಿಮೆ. ಇದಕ್ಕೆ ಬೋರ್ಡಿನಲ್ಲಿ ಮದ್ದಿಲ್ಲ.

ಆಮೇಲೆ ವಾವಾ. ಅದರ ಒಳಗೆ ಸುರುಳಿ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಹತ್ತಿರ ಇದ್ದರೆ ಹಮ್ಮನ್ನು ಹೀರಿಕೊಳ್ಳುತ್ತದೆ. ಹಲಗೆಯ ಅಡಿಯಲ್ಲಿ ಪವರ್ ಸಪ್ಲೈ ಸರಿಯಾಗಿ ವಾವಾದ ಕೆಳಗೇ ಇದ್ದರೆ ಇದು ಗ್ಯಾರಂಟಿ. ವಾವಾವನ್ನು ಕೈಯಲ್ಲಿ ಎತ್ತಿ ಒಂದು ಅಡಿ ಆಚೆ ಹಿಡಿಯಿರಿ. ಹಮ್ ಇಳಿದರೆ ಕಾರಣ ಸಿಕ್ಕಿತು, ಸಪ್ಲೈಯನ್ನು ಇನ್ನೊಂದು ಮೂಲೆಗೆ ತಿರುಪಿಸಿ. ನಾನು ಹಲಗೆಗೆ ಎರಡನೇ ಸಲ ತೂತು ಹೊಡೆಸಿದ್ದು ಇದಕ್ಕೇ.

ಕೊನೆಯದು ಅರ್ಥ್ ಸುತ್ತು. ಆಂಪ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಬೋರ್ಡ್ ಇನ್ನೊಂದರಲ್ಲಿ, ರೆಕಾರ್ಡ್ ಮಾಡೋಕೆ ಲ್ಯಾಪ್‌ಟಾಪ್ ಮೂರನೆಯದರಲ್ಲಿ ಇದ್ದರೆ ಅರ್ಥ್ ವೈರು ಮತ್ತು ಗಿಟಾರ್ ಕೇಬಲ್ಲಿನ ಹೊರಪದರ ಸೇರಿ ಒಂದು ದೊಡ್ಡ ಸುತ್ತು ಆಗುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಎರಡು ಆಂಪ್‌ಗೆ ಸ್ಟೀರಿಯೋ ಕಳಿಸುತ್ತಿದ್ದರೆ ಒಂದು ಕಡೆಗೆ ಟ್ರಾನ್ಸ್‌ಫಾರ್ಮರ್ ಇರುವ, ಆ ಸುತ್ತನ್ನು ಕಡಿಯುವ ಐಸೊಲೇಟರ್ ಡಬ್ಬಿ ಹಾಕಿ.

ಇಲ್ಲಿ ಒಂದು ಮಾತು, ದಯವಿಟ್ಟು ಕೇಳಿ. ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ ತೆಗೆದರೆ ಹಮ್ ಹೋಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಮ್ ನಿಜವಾಗಿಯೂ ಹೋಗಬಹುದು. ಆದರೆ ಆ ಪಿನ್ ಇರೋದು ಆಂಪ್‌ನ ಒಳಗೆ ವೈರು ಸಡಿಲ ಆಗಿ ಡಬ್ಬಿಗೆ ತಾಕಿದಾಗ ಕರೆಂಟು ನೆಲಕ್ಕೆ ಹೋಗಲಿ ಅಂತ. ಅದು ಇಲ್ಲದಿದ್ದರೆ ನಿಮ್ಮ ಮೂಲಕ ಹೋಗುತ್ತದೆ. ಒಂದು ಊರಿನ ಗಣೇಶನ ಪೆಂಡಾಲಿನಲ್ಲಿ, ಜನರೇಟರ್ ಮೇಲೆ ಓಡುತ್ತಿದ್ದ ವೇದಿಕೆಯಲ್ಲಿ, ತಂತಿ ಹಿಡಿದುಕೊಂಡೇ ಮೈಕ್ ಹತ್ತಿರ ಹೋದಾಗ ನನ್ನ ತುಟಿಗೆ ಚಟ್ ಅಂತ ಹೊಡೆಯಿತು. ಅಂದು ಹಾಡು ಮುಗಿಯುವ ತನಕ ತಡೆದುಕೊಂಡೆ. ಹಾಗೆ ಮಾಡಬಾರದಿತ್ತು, ತಕ್ಷಣ ನಿಲ್ಲಿಸಬೇಕಿತ್ತು. ಆ ವೇದಿಕೆಗೆ ಅರ್ಥಿಂಗೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಮನೆಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಗೋಡೆಯ ಪ್ಲಗ್ಗಿನ ಒಳಗೆ ಮಲ್ಟಿಮೀಟರ್ ಕಡ್ಡಿ ಹಾಕೋ ಕೆಲಸ ಅಭ್ಯಾಸ ಇಲ್ಲದವರದ್ದಲ್ಲ.

ಕೀಂಯ್ ಅಂತ ಸಣ್ಣ ಶಿಳ್ಳೆ, ಇಲ್ಲಾ ಟಿಕ್ ಟಿಕ್

ಇದು ಹಳೇ ಕಾಲದ ತೊಂದರೆ ಅಲ್ಲ, ಹೊಸದು. ಡಿಜಿಟಲ್ ಡಿಲೇ ಅಥವಾ ರಿವರ್ಬ್ ಒಳಗಿನ ಚಿಪ್ ಕರೆಂಟನ್ನು ತುಣುಕು ತುಣುಕಾಗಿ ಎಳೆಯುತ್ತದೆ. ಅದೇ ಅಡಾಪ್ಟರ್‌ನಿಂದ ಒಂದು ವೈರಿನಲ್ಲಿ ಐದಾರು ಮೂತಿ ಬಿಟ್ಟು ಎಲ್ಲ ಪೆಡಲ್‌ಗೂ ಕೊಟ್ಟಿದ್ದರೆ ಆ ತುಣುಕು ಫಜ್‌ಗೂ ತಲುಪುತ್ತದೆ, ಫಜ್ ಅದನ್ನೂ ಹಿಗ್ಗಿಸುತ್ತದೆ.

ಪರೀಕ್ಷೆ ಸುಲಭ. ಡಿಜಿಟಲ್ ಪೆಡಲ್‌ನ ಪವರ್ ಕಿತ್ತು, ಕೇಬಲ್ಲಿನಿಂದಲೂ ಅದನ್ನು ಹೊರಗೆ ಬಿಡಿ. ಶಿಳ್ಳೆ ನಿಂತರೆ ಅದಕ್ಕೆ ಬೇರೆಯೇ ಅಡಾಪ್ಟರ್ ಕೊಡಿ. ಅಥವಾ ಫಜ್‌ಗೆ 9 ವೋಲ್ಟ್ ಬ್ಯಾಟರಿ ಹಾಕಿ, ಅದು ತಿನ್ನೋದು ಒಂದೆರಡು ಮಿಲಿಆಂಪ್, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಇಷ್ಟರಲ್ಲೇ ಎಷ್ಟೋ ಜನರ ಬೋರ್ಡ್ ಸರಿಹೋಗುತ್ತದೆ. ದುಡ್ಡು ಕೂಡಿದಾಗ ಪ್ರತಿ ಮೂತಿಯೂ ಒಂದಕ್ಕೊಂದು ಸಂಬಂಧ ಇಲ್ಲದ ಐಸೊಲೇಟೆಡ್ ಸಪ್ಲೈ ಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಬೋರ್ಡಿನ ಮೊದಲ ದೊಡ್ಡ ಖರ್ಚು ಅದೇ ಆಗಬೇಕು, ಆರನೇ ಪೆಡಲ್ ಅಲ್ಲ.

ಇನ್ನೊಂದು ಕಾರಣ ಪೆಡಲ್‌ನ ಒಳಗೇ ಇರಬಹುದು. ಕೆಲವು ಪೆಡಲ್‌ಗಳು 9 ವೋಲ್ಟನ್ನು ಒಳಗೇ 18 ಮಾಡಿಕೊಳ್ಳುತ್ತವೆ, ಕೆಲವು ತಿರುಗಿಸಿ ಮೈನಸ್ 9 ಮಾಡಿಕೊಳ್ಳುತ್ತವೆ. ಆ ಕೆಲಸದ ಚಿಪ್ ಸುಮಾರು 10 ಕಿಲೋಹರ್ಟ್ಜ್‌ನಲ್ಲಿ ಓಡುವಂಥದ್ದಾದರೆ ಕಿವಿಗೆ ಕೇಳಿಸುತ್ತದೆ. ಒಂಟಿಯಾಗಿ, ಬ್ಯಾಟರಿಯಲ್ಲಿ ಓಡಿಸಿದರೂ ಶಿಳ್ಳೆ ಬರ್ತಿದೆ ಅಂದರೆ ಅದು ಈ ಜಾತಿ. ಮಾಡಿದವರಿಗೇ ತಿರುಗಿ ಕೊಡಿ.

ಹೊಸ ಪೆಡಲ್ ಸಿಕ್ಕಿಸಿದ ಕೂಡಲೇ ಎಲ್ಲವೂ ಆಫ್

ತಕ್ಷಣ ಕಿತ್ತು ಬಿಡಿ. ಎರಡನೇ ಸಲ ಹಾಕಿ ನೋಡಬೇಡಿ.

ಈಗಿನ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟ್ ಡಿಸಿ, ಒಳಗಿನ ಕಡ್ಡಿ ಮೈನಸ್, ಹೊರಗಿನ ಬಳೆ ಪ್ಲಸ್. ಆದರೆ ಹಳೇ ರೀತಿಯಲ್ಲೇ ಮಾಡಿದ ಜರ್ಮೇನಿಯಂ ಫಜ್‌ನ ಟ್ರಾನ್ಸಿಸ್ಟರ್‌ಗಳು ಪಿಎನ್‌ಪಿ ಅನ್ನೋ ಜಾತಿಯವು, ಅಲ್ಲಿ ಡಬ್ಬಿಯ ಮೈ, ಅಂದರೆ ಗ್ರೌಂಡ್, ಬ್ಯಾಟರಿಯ ಪ್ಲಸ್‌ಗೆ ಕೂಡಿರುತ್ತದೆ. ಬ್ಯಾಟರಿಯಲ್ಲಿ ಒಂಟಿಯಾಗಿ ಇದ್ದರೆ ಇದರಿಂದ ಏನೂ ಆಗಲ್ಲ. ಒಂದೇ ಅಡಾಪ್ಟರ್ ಹಂಚಿಕೊಂಡರೆ ಮಾತ್ರ ಫಜ್‌ನ ಗ್ರೌಂಡ್ ಪ್ಲಸ್, ಉಳಿದವರ ಗ್ರೌಂಡ್ ಮೈನಸ್, ಎರಡನ್ನೂ ಪ್ಯಾಚ್ ಕೇಬಲ್ಲಿನ ಹೊರಪದರ ಒಟ್ಟಿಗೆ ಕಟ್ಟುತ್ತದೆ. ನೇರ ಶಾರ್ಟ್. ಒಳ್ಳೇ ಸಪ್ಲೈ ತಾನೇ ಆಫ್ ಆಗುತ್ತದೆ, ಅಗ್ಗದ್ದು ಸುಟ್ಟುಹೋಗುತ್ತದೆ.

ಆ ಫಜ್‌ಗೆ ಬ್ಯಾಟರಿಯೇ ಇರಲಿ. ಇಲ್ಲವೇ ಐಸೊಲೇಟೆಡ್ ಮೂತಿಯಿಂದ, ಪ್ಲಸ್ ಮೈನಸ್ ತಿರುಗಿಸುವ ಕೇಬಲ್ ಮೂಲಕ ಕೊಡಿ. ಆ ತಿರುಗಿಸುವ ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿ ಇಡಿ, ಅದು ಬೇರೆ ಪೆಡಲ್‌ಗೆ ಹೋದರೆ ಆ ಪೆಡಲ್‌ನ ಕಥೆ ಮುಗಿಯಿತು.

ಯಾವುದೇ ಅಡಾಪ್ಟರ್ ಹಾಕೋ ಮೊದಲು ಮಲ್ಟಿಮೀಟರ್‌ನಲ್ಲಿ ನೋಡಿಬಿಡಿ. ಕೆಂಪು ಕಡ್ಡಿ ಮೂತಿಯ ತೂತಿನೊಳಗೆ, ಕಪ್ಪು ಹೊರಗಿನ ಬಳೆಗೆ. ಮೈನಸ್ 9 ತೋರಿಸಿದರೆ ಈಗಿನ ಪೆಡಲ್‌ಗಳಿಗೆ ಸರಿ. ಬರೀ 9 ತೋರಿಸಿದರೆ ಉಲ್ಟಾ. 12–13 ತೋರಿಸಿದರೆ ಅದು ರೆಗ್ಯುಲೇಟರ್ ಇಲ್ಲದ ಹಳೇ ಮಾದರಿ ಅಡಾಪ್ಟರ್, ಬೇಡ. ಡಿಸಿ ಕಡೆ ಇಟ್ಟಾಗ ಸೊನ್ನೆ, ಎಸಿ ಕಡೆ ಇಟ್ಟಾಗ 9 ಬಂದರೆ ಅದು ಎಸಿ ಅಡಾಪ್ಟರ್, ನೋಡೋಕೆ ಒಂದೇ ಥರ ಇರುತ್ತದೆ, ಅದನ್ನು ಡಿಸಿ ಪೆಡಲ್‌ಗೆ ಹಾಕಿದರೆ ಪೆಡಲ್ ಹಾಳಾಗಬಹುದು.

ಡಿಲೇ ತಾನೇ ಆಫ್ ಆಗಿ ಆನ್ ಆಗ್ತಿದೆ, ಲೈಟ್ ಮಿಣುಕ್ತಿದೆ

ಕರೆಂಟು ಸಾಲುತ್ತಿಲ್ಲ. ಪ್ರತಿ ಪೆಡಲ್‌ನ ಮಿಲಿಆಂಪ್ ಬರೆದು ಕೂಡಿಸಿ. ಫಜ್ ಒಂದೆರಡು, ಓವರ್‌ಡ್ರೈವ್ ಹತ್ತರ ಒಳಗೆ, ಫೇಸರ್ ಅಷ್ಟೇ. ಡಿಜಿಟಲ್ ಡಿಲೇ ಒಂದೇ 100ರಿಂದ 300 ತಿನ್ನುತ್ತದೆ. ಹಳೇ ಪೆಡಲ್‌ಗಳಿಗೆ ಅಂತ ತಂದ 200 ಮಿಲಿಆಂಪ್ ಅಡಾಪ್ಟರ್ ಇದನ್ನೆಲ್ಲ ಹೊರಲಾರದೆ ಹೋಗಬಹುದು.

ಅಡಾಪ್ಟರ್ ಮೇಲೆ ಬರೆದ ಮಿಲಿಆಂಪ್ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಏನೂ ಆಗಲ್ಲ. ಟ್ಯಾಂಕ್ ದೊಡ್ಡದಿದ್ದರೆ ನಲ್ಲಿ ಒಡೆಯುತ್ತಾ? ಎಷ್ಟು ಬೇಕೋ ಅಷ್ಟೇ ಬರುತ್ತದೆ. ವೋಲ್ಟ್ ಜಾಸ್ತಿ ಇದ್ದರೆ ಮಾತ್ರ ಅಪಾಯ.

ಫಜ್ ಮುಳ್ಳಿನ ಥರ ಚುಚ್ಚುತ್ತೆ, ಸಣ್ಣ ಕೇಳ್ಸುತ್ತೆ

ನನಗೆ ತುಂಬಾ ಪ್ರೀತಿಯ ವಿಷಯ ಇದು. ಈ ಒಂದು ತೊಂದರೆಯಿಂದಲೇ ಎಷ್ಟೋ ಜನ ಒಳ್ಳೇ ಫಜ್‌ಗಳನ್ನು ಅರ್ಧ ಬೆಲೆಗೆ ಮಾರಿಬಿಡುತ್ತಾರೆ.

ಒಂದು ಪರೀಕ್ಷೆ ಮಾಡಿ. ಗಿಟಾರ್, ಫಜ್, ಆಂಪ್ ಮೂರೇ ಇರಲಿ. ಫಜ್ ಪೂರ್ತಿ ಏರಿಸಿ, ಗಿಟಾರಿನ ವಾಲ್ಯೂಮ್ 10ರಿಂದ 7ಕ್ಕೆ ಇಳಿಸಿ. ಒಳ್ಳೇ ಜರ್ಮೇನಿಯಂ ಫಜ್ ಆದರೆ ಒರಟುತನ ಕರಗಿ, ಗಂಟೆ ಬಾರಿಸಿದ ಹಾಗೆ ತಿಳಿಯಾದ ಸದ್ದು ಬರಬೇಕು. ಜಿಮಿ ಹೆಂಡ್ರಿಕ್ಸ್ ಕಾಲದಿಂದ ಜನ ಈ ಪೆಡಲ್ ಬಿಡದೆ ಇರೋದಕ್ಕೆ ಈ ಗುಣವೂ ಒಂದು ಕಾರಣ. ಈಗ ಅದನ್ನು ಬೋರ್ಡಿನಲ್ಲಿ ಅದರ ಜಾಗದಲ್ಲಿ ಇಟ್ಟು ಅದನ್ನೇ ಮಾಡಿ. ತಿಳಿಯಾಗೋ ಬದಲು ಬರೀ ಸಣ್ಣ ಆಯಿತಾ? ಹಾಗಾದರೆ ಫಜ್‌ಗೂ ಗಿಟಾರಿಗೂ ನಡುವೆ ಯಾರೋ ಇದ್ದಾರೆ.

ಆ ಯಾರೋ ಅಂದರೆ ಬಫರ್, ಸದ್ದಿಗೆ ಬಲ ಕೊಟ್ಟು ಮುಂದಕ್ಕೆ ದಾಟಿಸುವ ಸಣ್ಣ ಸರ್ಕ್ಯೂಟು. ಫಜ್ ಫೇಸ್ ಮಾದರಿಯ ಸರ್ಕ್ಯೂಟು ಗಿಟಾರಿನ ಪಿಕಪ್ಪನ್ನು ತನ್ನ ಒಂದು ಭಾಗ ಅನ್ನೋ ಹಾಗೆ ಬಳಸಿಕೊಳ್ಳುತ್ತದೆ. ಅದರ ಇನ್‌ಪುಟ್ ಪಿಕಪ್ಪಿನ ಮೇಲೆ ಭಾರ ಹಾಕುತ್ತದೆ, ಆ ಭಾರದಿಂದಲೇ ಮೇಲಿನ ಚೂಪು ಸವೆದು ಸದ್ದು ದುಂಡಗಾಗುತ್ತದೆ. ನಡುವೆ ಬಫರ್ ಬಂದರೆ ಆ ನಂಟು ಕಡಿದುಹೋಗುತ್ತದೆ. ಮೊದಲು ಟ್ಯೂನರ್ ಇಡುವ ಅಭ್ಯಾಸ ಎಲ್ಲರಿಗೂ ಇದೆ, ಆ ಟ್ಯೂನರ್‌ನಲ್ಲಿ ಬಫರ್ ಇರಬಹುದು. ಬಾಸ್ ಕಂಪನಿಯ ಓವರ್‌ಡ್ರೈವ್, ಡಿಲೇಗಳಂಥ ಪುಟ್ಟ ಪೆಡಲ್‌ಗಳು ಆಫ್ ಇದ್ದಾಗಲೂ ಬಫರ್ ಮೂಲಕವೇ ಸದ್ದು ದಾಟಿಸುತ್ತವೆ. ಇನ್ನು ಜನರಿಗೆ ಹೊಳೆಯದೇ ಇರೋದು ವೈರ್‌ಲೆಸ್. ಅದರ ರಿಸೀವರ್‌ನಿಂದ ಹೊರಬರುವುದು ಬಫರ್ ಮಾಡಿದ ಸದ್ದೇ, ಹಾಗಾಗಿ ವೈರ್‌ಲೆಸ್ ಹಾಕಿದ ದಿನದಿಂದ ಫಜ್ ಕೆಟ್ಟಿತು ಅನ್ನೋರು ಸರಿಯಾಗೇ ಕೇಳಿಸಿಕೊಂಡಿದ್ದಾರೆ, ಕಾರಣ ಮಾತ್ರ ಫಜ್ ಅಲ್ಲ.

ಪರಿಹಾರಕ್ಕೆ ಕಾಸು ಬೇಡ. ಫಜ್ ಮೊದಲು, ಆಮೇಲೆ ಟ್ಯೂನರ್. ವೈರ್‌ಲೆಸ್ ಬಿಡೋಕೆ ಆಗಲ್ಲ ಅಂದರೆ ಪಿಕಪ್ಪಿನ ಥರ ನಟಿಸುವ ಸಣ್ಣ ಡಬ್ಬಿ ಸಿಗುತ್ತದೆ, ಅದನ್ನು ಫಜ್‌ಗೆ ಮುಂಚೆ ಹಾಕಿ.

ವಾವಾದ ಜೊತೆಗಿನ ಜಗಳವೂ ಇದೇ ಬಗೆಯದು. ವಾವಾ ಮೊದಲು, ಫಜ್ ಆಮೇಲೆ ಇದ್ದು, ಎರಡೂ ಆನ್ ಮಾಡಿದಾಗ ವಾವಾದ ಏರಿಳಿತವೇ ಕೇಳದೆ ಹೋದರೆ, ಅಥವಾ ಶಿಳ್ಳೆ ಹೊಡೆದರೆ, ಸರದಿ ಬದಲಿಸಿ. ಫಜ್ ಮೊದಲು, ವಾವಾ ಆಮೇಲೆ. ಸದ್ದಿನ ಗುಣ ಬೇರೆಯೇ ಆಗುತ್ತದೆ, ಕೆಲವರಿಗೆ ಹಿಡಿಸಲ್ಲ. ಅಂಥವರಿಗೆ ಔಟ್‌ಪುಟ್‌ನಲ್ಲಿ ಫಜ್‌ಗೆ ಅಂತಲೇ ಬಫರ್ ಇರುವ ವಾವಾಗಳು ಇವೆ.

ಸಂಜೆ ಚೆನ್ನಾಗಿದ್ದ ಫಜ್ ಮಧ್ಯಾಹ್ನ ಉಗುಳ್ತಿದೆ

ಬಿಸಿಲು. ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ಬಿಸಿಯಾದಂತೆ ಕರೆಂಟು ಸೋರುತ್ತದೆ, ಸುಮಾರು 10 ಡಿಗ್ರಿ ಏರಿದರೆ ಸೋರಿಕೆ ಎರಡರಷ್ಟಾಗುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಹದ ಮಾಡಿಟ್ಟ ಫಜ್ ರಾಯಚೂರಿನ ಮೇ ತಿಂಗಳಲ್ಲಿ ಹಾಗೇ ಇರಬೇಕು ಅಂದರೆ ಆಗಲ್ಲ. ಸ್ವರ ಪೂರ್ತಿ ಆಗೋ ಮೊದಲೇ ತುಂಡಾಗುತ್ತದೆ, ಪರ್ ಪರ್ ಅನ್ನುತ್ತದೆ, ಸದ್ದೂ ಕಡಿಮೆ ಆಗುತ್ತದೆ.

ಅರ್ಧ ಗಂಟೆ ಫ್ಯಾನ್ ಕೆಳಗೆ ನೆರಳಿನಲ್ಲಿ ಇಡಿ. ಸರಿಹೋದರೆ ರೋಗ ಇಲ್ಲ. ಹೊರಗಿನ ವೇದಿಕೆಯಲ್ಲಿ ಸೌಂಡ್ ಚೆಕ್ ಮುಗಿದ ಮೇಲೆ ಬೋರ್ಡ್ ಮೇಲೆ ಬಿಳಿ ಟವೆಲ್ ಹಾಕಿ ಹೋಗಿ, ಕಪ್ಪು ಬಟ್ಟೆ ಬೇಡ. ಹೊರಗೇ ಬಯಾಸ್ ನಾಬ್ (ಟ್ರಾನ್ಸಿಸ್ಟರ್‌ನ ಹದ ಸರಿಮಾಡುವುದು) ಇದ್ದರೆ ಸ್ವಲ್ಪ ತಿರುಗಿಸಿ ನೋಡಿ. ಒಳಗಿನ ಪುಟ್ಟ ತಿರುಪು ತಿರುಗಿಸುವಷ್ಟು ಗೊತ್ತಿದ್ದವರು ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ ಸುಮಾರು 4.5 ವೋಲ್ಟ್, ಅಂದರೆ ಬ್ಯಾಟರಿಯ ಅರ್ಧ, ಬರುವ ಹಾಗೆ ಇಡಬಹುದು. ತಿರುಗಿಸೋ ಮೊದಲು ಅದು ಇದ್ದ ಜಾಗವನ್ನು ಫೋಟೋ ತೆಗೆದುಕೊಳ್ಳಿ. ಬಿಸಿಲ ನಾಡಿನಲ್ಲೇ ಜಾಸ್ತಿ ನುಡಿಸೋರಾದರೆ ಸಿಲಿಕಾನ್ ಫಜ್ ಇಟ್ಟುಕೊಳ್ಳಿ ಅನ್ನೋದೇ ನನ್ನ ಸಲಹೆ. ಸದ್ದು ಸ್ವಲ್ಪ ಚೂಪು, ಆದರೆ ಬಿಸಿಲಿಗೆ ಅಷ್ಟಾಗಿ ಬಗ್ಗಲ್ಲ.

ಎಲ್ಲಾ ಆಫ್ ಇದ್ರೂ ಸದ್ದು ಮಂಕು

ಬಾಯಿಗೆ ಬಟ್ಟೆ ಹಿಡಿದ ಹಾಗೆ ಕೇಳಿಸಿದರೆ ಕೇಬಲ್ಲಿನ ಉದ್ದ ಲೆಕ್ಕ ಹಾಕಿ. ಗಿಟಾರ್ ಕೇಬಲ್ ಅಂದರೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನ ಕೆಪಾಸಿಟರ್ ಇದ್ದ ಹಾಗೆ. ಬೋರ್ಡಿಗೆ 6 ಮೀಟರ್, ಬೋರ್ಡಿನಿಂದ ಆಂಪ್‌ಗೆ 6 ಮೀಟರ್, ನಡುವೆ ಪ್ಯಾಚ್ ಕೇಬಲ್‌ಗಳು. ಎಲ್ಲವೂ ಟ್ರೂ ಬೈಪಾಸ್ (ಆಫ್ ಇದ್ದಾಗ ಬಫರ್ ಇಲ್ಲದೆ ಸದ್ದನ್ನು ನೇರ ದಾಟಿಸುವಂಥದ್ದು) ಆದರೆ ಪಿಕಪ್ ಒಂದೇ ಇಷ್ಟನ್ನೂ ತಳ್ಳಬೇಕು, ಮೇಲಿನ ಸ್ವರಗಳು ದಾರಿಯಲ್ಲೇ ಕರಗುತ್ತವೆ.

ಟ್ರೂ ಬೈಪಾಸ್ ಒಂದೇ ಶುದ್ಧ ಅನ್ನೋ ನಂಬಿಕೆ ಬಿಡಿ. ಫಜ್‌ನ ಹಿಂದೆಯೇ ಒಂದು ಬಫರ್ ಇರಲಿ, ಬಫರ್ ಇರುವ ಓವರ್‌ಡ್ರೈವ್ ಆದರೂ ಸಾಕು. ಫಜ್‌ಗೆ ಮುಂಚೆ ಬೇಡ, ಆಮೇಲೆ ಬೇಕು.

ಡಿಲೇ ಆನ್ ಮಾಡಿದಾಗ ಮಾತ್ರ ಪ್ರತಿಧ್ವನಿ ಮಂಕಾಗುತ್ತಾ ಹೋದರೆ ಅದು ತೊಂದರೆಯಲ್ಲ. ಟೇಪ್ ಎಕೋದಲ್ಲಿ, ಎಂಎನ್3005ನಂಥ ಚಿಪ್ ಇದ್ದ ಹಳೇ ಅನಲಾಗ್ ಡಿಲೇಗಳಲ್ಲಿ ಹಾಗೇ ಇತ್ತು, ಈಗಿನವರು ಅದನ್ನೇ ಬೇಕಂತ ತಂದಿದ್ದಾರೆ. ಡಿಲೇ ಆನ್ ಮಾಡಿದಾಗ ನಿಮ್ಮ ನೇರ ಸದ್ದೇ ಮಾಯವಾಗಿ ಪ್ರತಿಧ್ವನಿ ಮಾತ್ರ ಬಂದರೆ ಡ್ರೈ ಸದ್ದು ನಿಲ್ಲಿಸುವ ಸೆಟ್ಟಿಂಗ್ ಆನ್ ಆಗಿದೆ. ಜೊತೆಗೆ ಬಂದ ಪುಸ್ತಕ ನೋಡಿ ಆಫ್ ಮಾಡಿ. ಪ್ರತಿಧ್ವನಿ ನಿಲ್ಲದೆ ಏರುತ್ತಾ ಕೂಗಿದರೆ ರಿಪೀಟ್ ನಾಬ್ ಇಳಿಸಿ, ಆದರೆ ಮೊದಲು ಆಂಪ್ ವಾಲ್ಯೂಮ್ ಇಳಿಸಿ, ಸ್ಪೀಕರ್ ಮತ್ತು ಕಿವಿ ಎರಡೂ ಉಳಿಯಬೇಕಲ್ಲ.

ಟಪ್, ಚರಚರ, ಆಕಾಶವಾಣಿ

ಸ್ವಿಚ್ ಒತ್ತಿದಾಗ ಟಪ್ ಅಂದರೆ ಎರಡು ಮೂರು ಸಲ ಒತ್ತಿ. ಮೊದಲ ಸಲ ಮಾತ್ರ ಬಂದರೆ ಬಿಟ್ಟುಬಿಡಿ, ಕೆಪಾಸಿಟರ್‌ನಲ್ಲಿ ಉಳಿದದ್ದು ಖಾಲಿ ಆದದ್ದು ಅಷ್ಟೇ. ಪ್ರತಿ ಸಲ ಬಂದರೆ ಇನ್‌ಪುಟ್‌ನಿಂದ ಗ್ರೌಂಡಿಗೆ 1 ಮೆಗಾಓಮ್ ರೆಸಿಸ್ಟರ್ ಹಾಕಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ನಾಬ್ ತಿರುಗಿಸಿದಾಗ ಚರಚರ ಅಂದರೆ ಧೂಳು. ಮಂಗಳೂರು, ಕಾರವಾರದ ಕಡೆಯವರಿಗೆ ಉಪ್ಪು ಗಾಳಿ, ತೇವ ಎರಡೂ ಸೇರುತ್ತವೆ. ಪವರ್ ಕಿತ್ತು, ನಾಬನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಆಗಲೂ ಹೋಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಧೂಳನ್ನು ಹಿಡಿದು ಕೂರಿಸುತ್ತದೆ.

ಫಜ್ ಹಾಕಿದಾಗ ಸಣ್ಣಗೆ ಆಕಾಶವಾಣಿ ವಾರ್ತೆ ಕೇಳಿಸಿದರೆ ಹೆದರಬೇಡಿ. ಉದ್ದದ ಕೇಬಲ್ ಆಂಟೆನಾ ಆಗಿದೆ, ಫಜ್‌ನ ಟ್ರಾನ್ಸಿಸ್ಟರ್ ಹಳೇ ರೇಡಿಯೋದ ಕೆಲಸ ಮಾಡುತ್ತಿದೆ. ಗಿಡ್ಡ ಕೇಬಲ್ ಹಾಕಿ, ಹೊರಪದರ ಚೆನ್ನಾಗಿರುವ ಕೇಬಲ್ ಹಾಕಿ, ಡಬ್ಬಿಯ ಹಿಂದಿನ ಮುಚ್ಚಳದ ನಾಲ್ಕೂ ತಿರುಪು ಬಿಗಿಯಾಗಿವೆಯಾ ನೋಡಿ.

ಎಲ್ಲಿ ನಿಲ್ಲಿಸಬೇಕು

ಸುಟ್ಟ ವಾಸನೆ ಬಂದರೆ, ಅಡಾಪ್ಟರ್ ಕೈ ಇಡೋಕೆ ಆಗದಷ್ಟು ಬಿಸಿಯಾದರೆ, ಎಲ್ಲಾದರೂ ಜುಮ್ ಅಂದರೆ ಅಲ್ಲಿಗೇ ಬಿಡಿ. ವಾಲ್ವ್ ಆಂಪ್ (ಗಾಜಿನ ಟ್ಯೂಬ್ ಇರುವ ಆಂಪ್) ಇದ್ದರೆ ಅದರ ಒಳಗೆ ಕೈ ಹಾಕೋದು ಬೇಡವೇ ಬೇಡ. ಒಳಗೆ 300–400 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. 9 ವೋಲ್ಟ್ ಪೆಡಲ್ ಬಿಚ್ಚಿ ಕಲಿಯಬಹುದು, ವಾಲ್ವ್ ಆಂಪ್ ಬಿಚ್ಚಿ ಕಲಿಯೋದಲ್ಲ. ಪವರ್ ಸಪ್ಲೈಯ ಡಬ್ಬಿಗೂ ಇದೇ ಮಾತು, ಅದರ ಒಂದು ಕಡೆ 230 ವೋಲ್ಟ್ ಇದೆ.

ರಿಪೇರಿಗೆ ಕೊಡುವಾಗ ಕೆಟ್ಟಿದೆ ಅಂತಷ್ಟೇ ಹೇಳಬೇಡಿ. ಯಾವ ಪೆಡಲ್, ಬೈಪಾಸ್‌ನಲ್ಲಿ ಹೇಗೆ, ಬ್ಯಾಟರಿಯಲ್ಲಿ ಹೇಗೆ, ಅಡಾಪ್ಟರ್‌ನಲ್ಲಿ ಹೇಗೆ ಅಂತ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಜರ್ಮೇನಿಯಂ ಫಜ್ ಆದರೆ ಇನ್ನೊಂದು ಸಾಲು ಸೇರಿಸಿ: ಟ್ರಾನ್ಸಿಸ್ಟರ್ ಬದಲಿಸೋ ಮೊದಲು ನನಗೆ ಫೋನ್ ಮಾಡಿ, ಬದಲಿಸಿದರೆ ಹಳೆಯದನ್ನು ವಾಪಸ್ ಕೊಡಿ. ಎಸಿ128 ಅನ್ನೋ ಜರ್ಮೇನಿಯಂ ಟ್ರಾನ್ಸಿಸ್ಟರ್ ತೆಗೆದು, ಸುಲಭಕ್ಕೆ ಸಿಗುತ್ತದೆ ಅಂತ ಯಾವುದೋ ಸಿಲಿಕಾನ್ ಹಾಕಿಕೊಟ್ಟರೆ ಪೆಡಲ್ ಸದ್ದು ಮಾಡಬಹುದು, ಆದರೆ ನೀವು ಯಾವ ಸದ್ದಿಗೆ ಅಂತ ಅದನ್ನು ತಂದಿರೋ ಆ ಸದ್ದು ಇರುವುದಿಲ್ಲ.